ಗೇರುಸೊಪ್ಪೆ ಹೆಸರಿನ ಹಡಗು, ಅರಸೀಕೆರೆ ಪೇಟೆಯ ರೂಪಾಯಿ

ಬ್ರಿಟನ್ನಿನ ರಾಯಲ್ ಮಿಂಟ್ ಹತ್ತು ಹನ್ನೆರಡು ವರ್ಷಗಳ ಹಿಂದೆ ಒಂದು ಪುಟ್ಟ ಬೆಳ್ಳಿ ನಾಣ್ಯ ಹೊರಡಿಸಿತು. ಕಾಲು ಔನ್ಸ್ ತೂಕ, ಎಂಟು ಗ್ರಾಮಿಗೂ ತುಸು ಕಡಿಮೆ. ಒಂದು ಮುಖದಲ್ಲಿ ರಾಣಿ ಎಲಿಜಬೆತ್, ಇನ್ನೊಂದರಲ್ಲಿ ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯಾ. ಇಷ್ಟೇ ಆಗಿದ್ದರೆ ಅದನ್ನು ಕಟ್ಟಿಕೊಂಡು ನಮಗೇನೂ ಆಗಬೇಕಾದ್ದಿರಲಿಲ್ಲ. ಆದರೆ ನಾಣ್ಯವನ್ನು ಅಡ್ಡ ಹಿಡಿದು ತಿರುಗಿಸಿದರೆ ಅದರ ಅಂಚಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕೊರೆದ ಹೆಸರೊಂದು ಕಾಣುತ್ತದೆ: ಎಸ್‌ಎಸ್ ಗೇರ್‌ಸೊಪ್ಪ. ನಮ್ಮ ಗೇರುಸೊಪ್ಪೆಯೇ. ಹೊನ್ನಾವರ ತಾಲ್ಲೂಕಿನ, ಶರಾವತಿ ದಂಡೆಯ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಗೇರುಸೊಪ್ಪೆ.

ಆ ನಾಣ್ಯದ ಬೆಳ್ಳಿ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಟ್ಲಾಂಟಿಕ್ ಸಾಗರದ ತಳದಲ್ಲಿ, ಸುಮಾರು 4,700 ಮೀಟರ್ ಆಳದಲ್ಲಿ ಬಿದ್ದಿತ್ತು. ಟೈಟಾನಿಕ್ ಹಡಗು ಬಿದ್ದಿರುವ ಜಾಗಕ್ಕಿಂತಲೂ ಇದು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಕೆಳಗೆ. ಅದಕ್ಕೂ ಮೊದಲು ಆ ಬೆಳ್ಳಿ ಇದ್ದದ್ದು ಹಿಂದುಸ್ತಾನದಲ್ಲಿ. ಸಮುದ್ರದಿಂದ ಮೇಲೆ ಬಂದ ಗಟ್ಟಿಗಳ ಮೇಲೆ ಬೊಂಬಾಯಿ ಟಂಕಸಾಲೆಯ ಮುದ್ರೆ ಇನ್ನೂ ಓದುವ ಹಾಗೆ ಇತ್ತು.

ಬಯಲುಸೀಮೆಯ ಅರಸೀಕೆರೆಗೂ ಅಟ್ಲಾಂಟಿಕ್ಕಿಗೂ ಏನು ಸಂಬಂಧ ಎಂದು ಕೇಳಬಹುದು. ಬೇಲೂರು, ಹಳೇಬೀಡಿನವರು ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೂ ಈ ಮೂರು ಊರಿನ ಹಳೆಯ ಮನೆಗಳ ದೇವರ ಪೆಟ್ಟಿಗೆಯಲ್ಲಿ ಇವತ್ತಿಗೂ ಕೂತಿರುವ ಬೆಳ್ಳಿ ರೂಪಾಯಿಗಳಿಗೂ ಆ ಹಡಗಿಗೂ ಒಂದು ಲೆಕ್ಕದ ನಂಟಿದೆ.

ಮೊದಲು ಹಡಗಿನ ವಿಷಯ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ತನ್ನ ಹಡಗುಗಳಿಗೆ ನಮ್ಮ ಕಡೆಯ ಊರುಗಳ ಹೆಸರನ್ನೇ ಆರಿಸಿ ಇಡುತ್ತಿತ್ತು. ಜೋಗವನ್ನು ಆಗಿನ ಸಾಹೇಬರು ಗೇರುಸೊಪ್ಪೆ ಜಲಪಾತ ಎಂದೇ ಕರೆಯುತ್ತಿದ್ದುದರಿಂದ ಆ ಹೆಸರು ಅವರ ನಾಲಿಗೆಗೆ ಹೊಸತಲ್ಲ. 1919ರಲ್ಲಿ ಇಂಗ್ಲೆಂಡಿನ ಜಾರೋ ಎಂಬಲ್ಲಿ ಕಟ್ಟಿದ, ಐದು ಸಾವಿರ ಟನ್ನಿಗೆ ಮೇಲ್ಪಟ್ಟ ಈ ಸರಕು ಹಡಗು 1940ರ ಡಿಸೆಂಬರಿನಲ್ಲಿ ಕಲ್ಕತ್ತ ಬಿಟ್ಟಿತು. ಒಳಗೆ ಬೀಡುಕಬ್ಬಿಣ, ಚಹಾ, ಟಪಾಲಿನ ಚೀಲಗಳು, ಜತೆಗೆ ಬೆಳ್ಳಿ. ಆಫ್ರಿಕಾ ಬಳಸಿಕೊಂಡು ಹೋಗಿ ಜನವರಿ ಕೊನೆಯಲ್ಲಿ ಫ್ರೀಟೌನಿನಲ್ಲಿ ಬೇರೆ ಹಡಗುಗಳ ಗುಂಪನ್ನು ಸೇರಿಕೊಂಡಿತು. ಯುದ್ಧಕಾಲದಲ್ಲಿ ಸರಕು ಹಡಗುಗಳು ಸಾಮಾನ್ಯವಾಗಿ ಒಂಟಿಯಾಗಿ ಹೋಗುತ್ತಿರಲಿಲ್ಲ. ಬೆಂಗಾವಲಿನಲ್ಲಿ ಹಿಂಡಾಗಿ ಹೋಗುತ್ತಿದ್ದವು. ಆದರೆ ದಾರಿಯಲ್ಲಿ ಬಿರುಗಾಳಿ ಎದ್ದು ಕಲ್ಲಿದ್ದಲು ಸಾಲದಾಯಿತು. ಗೇರ್‌ಸೊಪ್ಪ ಹಿಂಡು ಬಿಟ್ಟು ಐರ್ಲೆಂಡಿನ ಗಾಲ್ವೇ ಬಂದರಿನ ಕಡೆಗೆ ಒಂಟಿಯಾಗಿ ತಿರುಗಿತು. ಜರ್ಮನ್ ವಿಮಾನವೊಂದು ಮೇಲೆ ಸುತ್ತು ಹೊಡೆದು ಹೋಯಿತು. 1941ರ ಫೆಬ್ರುವರಿ 16ರ ನಡುರಾತ್ರಿಯ ಹೊತ್ತಿಗೆ ಯು-101 ಎಂಬ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಹಡಗು ಅರ್ಧ ಗಂಟೆಯೊಳಗೆ ಮುಳುಗಿತು.

ಹಡಗಿನಲ್ಲಿದ್ದವರು ಎಂಬತ್ತಕ್ಕೂ ಹೆಚ್ಚು ಜನ. ಹೆಚ್ಚಿನವರು ನಮ್ಮವರು, ಖಲಾಸಿಗಳು: ಬಾಯ್ಲರಿಗೆ ಕಲ್ಲಿದ್ದಲು ಸುರಿಯುವವರು, ಹಗ್ಗ ಎಳೆಯುವವರು, ಅಡುಗೆಯವರು. ಸೆಕೆಂಡ್ ಆಫೀಸರ್ ರಿಚರ್ಡ್ ಏರ್ಸ್ ಹತ್ತಿದ ದೋಣಿಯಲ್ಲಿ ಮೂವತ್ತರ ಆಸುಪಾಸು ಜನರಿದ್ದರು. ಫೆಬ್ರುವರಿಯ ಉತ್ತರ ಅಟ್ಲಾಂಟಿಕ್ ಚಳಿ ಉಷ್ಣದೇಶದಿಂದ ಹೋದ, ಮೈಮೇಲೆ ತೆಳು ಬಟ್ಟೆಯ ಖಲಾಸಿಗಳನ್ನು ಒಬ್ಬೊಬ್ಬರನ್ನಾಗಿ ತೆಗೆದುಕೊಂಡಿತು. ಹದಿಮೂರು ದಿನ ಕಳೆದು ಮಾರ್ಚ್ 1ರಂದು ದೋಣಿ ಇಂಗ್ಲೆಂಡಿನ ಕಾರ್ನ್‌ವಾಲ್ ದಡದ ಲಿಜರ್ಡ್ ಎಂಬಲ್ಲಿ ಬಂಡೆಗಳ ನಡುವೆ ಬಂದಾಗ ಜೀವವಿದ್ದವರು ಬೆರಳೆಣಿಕೆಯಷ್ಟು. ಅಲ್ಲಿ ಅಲೆಗೆ ದೋಣಿ ಮಗುಚಿತು. ಬದುಕಿದ್ದು ಏರ್ಸ್ ಒಬ್ಬನೇ. ಉಳಿದ ಎರಡು ದೋಣಿಗಳ ಸುದ್ದಿಯೇ ಬರಲಿಲ್ಲ.

ಬೆಳ್ಳಿಯ ಸುದ್ದಿ ಮಾತ್ರ ಲಂಡನ್ನಿನ ಕಡತಗಳಲ್ಲಿ ಭದ್ರವಾಗಿತ್ತು. ಆಗಿನ ಬೆಲೆಯಲ್ಲಿ ಆರು ಲಕ್ಷ ಪೌಂಡಿನ ಬೆಳ್ಳಿಗೆ ಯುದ್ಧದ ವಿಮೆ ಇತ್ತು. ವಿಮೆಯ ಹಣ ಕೊಟ್ಟ ಬ್ರಿಟಿಷ್ ಸರ್ಕಾರವೇ ಮುಳುಗಿದ ಬೆಳ್ಳಿಯ ಒಡೆಯನಾಯಿತು. 2010ರಲ್ಲಿ ಅಮೆರಿಕದ ಫ್ಲಾರಿಡಾದ ಒಡಿಸ್ಸಿ ಮರೀನ್ ಕಂಪನಿ ಆ ಸರ್ಕಾರದೊಂದಿಗೆ ಕರಾರು ಮಾಡಿಕೊಂಡಿತು: ಖರ್ಚು, ನಷ್ಟದ ಅಪಾಯ ಎಲ್ಲ ಕಂಪನಿಯದು, ಸಿಕ್ಕಿದರೆ ಎಂಬತ್ತು ಪಾಲು ಕಂಪನಿಗೆ, ಇಪ್ಪತ್ತು ಪಾಲು ಸರ್ಕಾರಕ್ಕೆ. 2011ರಲ್ಲಿ ಶಬ್ದದ ಅಲೆಗಳನ್ನು ತಳಕ್ಕೆ ಬಿಟ್ಟು ಹಡಗಿನ ನೆರಳು ಹಿಡಿದರು. 2012ರಲ್ಲಿ ಸುಮಾರು 48 ಟನ್, 2013ರಲ್ಲಿ ಸುಮಾರು 61 ಟನ್ ಬೆಳ್ಳಿ ಮೇಲೆ ಬಂತು. ಒಟ್ಟು 2,792 ಗಟ್ಟಿ. ಅಷ್ಟು ಆಳದಲ್ಲಿ ನೀರಿನ ಒತ್ತಡ ನೆಲದ ಮೇಲಿನ ಗಾಳಿಯ ಒತ್ತಡದ 470 ಪಟ್ಟು. ಮನುಷ್ಯ ಇಳಿಯುವ ಮಾತೇ ಇಲ್ಲ. ಮೇಲಿನ ಹಡಗಿನಲ್ಲಿ ಕೂತವರು ಕ್ಯಾಮೆರಾದಲ್ಲಿ ನೋಡುತ್ತ, ಕೇಬಲ್ಲಿಗೆ ಕಟ್ಟಿದ ಯಂತ್ರದ ಕೈಯಿಂದ ಒಂದೊಂದೇ ಗಟ್ಟಿ ಎತ್ತಿಸಿದರು. ಅದರಲ್ಲಿ ಒಂದಷ್ಟು ಬೆಳ್ಳಿ ರಾಯಲ್ ಮಿಂಟಿಗೆ ಹೋಗಿ ನಾನು ಮೊದಲು ಹೇಳಿದ ನಾಣ್ಯವಾಯಿತು.

ಬೆಳ್ಳಿಯ ಜತೆ ಇನ್ನೊಂದು ವಸ್ತುವೂ ಮೇಲೆ ಬಂತು. ಟಪಾಲು. ಗಾಳಿ, ಬೆಳಕು ಎರಡೂ ಸುಳಿಯದ ಕೆಸರಿನಲ್ಲಿ ಹೂತಿದ್ದ ಚೀಲಗಳಲ್ಲಿ 717 ಪತ್ರಗಳು ಓದುವ ಸ್ಥಿತಿಯಲ್ಲಿ ಸಿಕ್ಕವು. ಇಲ್ಲಿದ್ದ ಬಿಳಿಯರು ತಮ್ಮ ಊರಿಗೆ ಬರೆದವು. ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ 2018ರಲ್ಲಿ ಅವುಗಳ ಪ್ರದರ್ಶನವನ್ನೇ ಇಟ್ಟಿತು. ಕಾಗದ ಉಳಿದು ಜನ ಉಳಿಯದ ಈ ಕಥೆಯಲ್ಲಿ ಖಲಾಸಿಗಳು ಮನೆಗೆ ಬರೆದ ಪತ್ರ ಆ ಚೀಲದಲ್ಲಿ ಇರುವ ಹಾಗೆಯೇ ಇರಲಿಲ್ಲ. ಅವರ ಮನೆ ಇದ್ದದ್ದು ಹಡಗು ಹೊರಟ ದಿಕ್ಕಿನಲ್ಲಿ.

ಗೇರ್‌ಸೊಪ್ಪದಲ್ಲಿ ಇದ್ದದ್ದು ಗಟ್ಟಿ. ಕೈಯಿಂದ ಕೈಗೆ ಸವೆದ ರೂಪಾಯಿಗಳೇ ಮುಳುಗಿದ್ದು ಇನ್ನೊಂದು ಹಡಗಿನಲ್ಲಿ, ಸಿಟಿ ಆಫ್ ಕೈರೋದಲ್ಲಿ. 1942ರ ಅಕ್ಟೋಬರ್ ಆರಂಭದಲ್ಲಿ ಅದು ಬೊಂಬಾಯಿ ಬಿಟ್ಟಿತು. ಸುಮಾರು 2,000 ಪೆಟ್ಟಿಗೆಗಳಲ್ಲಿ 100 ಟನ್ ಬೆಳ್ಳಿ ರೂಪಾಯಿ. ತೊಲದ ರೂಪಾಯಿ ಎಂದು ಲೆಕ್ಕ ಹಾಕಿದರೆ 85 ಲಕ್ಷ ನಾಣ್ಯ ದಾಟುತ್ತದೆ! ನವೆಂಬರ್ 6ರಂದು ಸೇಂಟ್ ಹೆಲೆನಾ ದ್ವೀಪದ ದಕ್ಷಿಣಕ್ಕೆ ಯು-68 ಅದನ್ನು ಮುಳುಗಿಸಿತು. ಜರ್ಮನ್ ಕಪ್ತಾನ ಮೆರ್ಟನ್ ನೀರಿನ ಮೇಲೆ ಬಂದು, ದೋಣಿಯಲ್ಲಿದ್ದವರಿಗೆ ನೆಲ ಎತ್ತ ಕಡೆ ಎಂದು ಹೇಳಿ, ಮುಳುಗಿಸಿದ್ದಕ್ಕೆ ಕ್ಷಮೆ ಕೇಳಿ ಹೋದನಂತೆ. ಸೌಜನ್ಯ ದೊಡ್ಡದೇ, ಆದರೂ 311 ಜನರಲ್ಲಿ 104 ಜನ ಸತ್ತರು. ಡೀಪ್ ಓಷನ್ ಸರ್ಚ್ ಎಂಬ ಕಂಪನಿ 2013ರ ಹೊತ್ತಿಗೆ 5,150 ಮೀಟರ್ ಆಳದಿಂದ ಆ ರೂಪಾಯಿಗಳನ್ನು ಟನ್ನುಗಟ್ಟಲೆ ಎತ್ತಿತು. ಅಷ್ಟು ಆಳದಿಂದ ಸರಕು ಎತ್ತಿದ್ದು ಆಗಿನ ವಿಶ್ವದಾಖಲೆ. 2015ರವರೆಗೆ ಸುದ್ದಿಯನ್ನೇ ಬಿಟ್ಟುಕೊಡಲಿಲ್ಲ. ಬಹುಪಾಲು ರೂಪಾಯಿ ಬ್ರಿಟನ್ನಿನಲ್ಲಿ ಕರಗಿ, 3 ಕೋಟಿ 40 ಲಕ್ಷ ಪೌಂಡಿನ ಬೆಳ್ಳಿಯಾಗಿ ಮಾರಾಟವಾಗಿ, ಒಂದು ಪಾಲು ಅಲ್ಲಿನ ಖಜಾನೆ ಸೇರಿತು.

ಆ ರೂಪಾಯಿ ಹಡಗಿನ ಪೆಟ್ಟಿಗೆಗೆ ಹೇಗೆ ಬಂತು? ಇಲ್ಲಿಂದ ಕಥೆ ನಮ್ಮ ಊರಿನದಾಗುತ್ತದೆ.

ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲೇ ಬಾಗಿಲು ಹಾಕಿತ್ತು. ಹಾಸನ ಸೀಮೆಯಲ್ಲಿ ಓಡಾಡುತ್ತಿದ್ದದ್ದು ಕಂಪನಿಯ, ಆಮೇಲೆ ರಾಣಿಯ, ಆಮೇಲೆ ರಾಜರ ರೂಪಾಯಿ. ತೂಕ ಸರಿಯಾಗಿ ಒಂದು ತೊಲ, 11.66 ಗ್ರಾಮ್, ನೂರಕ್ಕೆ 91.7 ಪಾಲು ಬೆಳ್ಳಿ. ಅದು ಹಣ ಮಾತ್ರ ಆಗಿರಲಿಲ್ಲ, ತಕ್ಕಡಿಯ ಬೊಟ್ಟೂ ಆಗಿತ್ತು. ಇಪ್ಪತ್ತನಾಲ್ಕು ರೂಪಾಯಿ ತೂಕ ಒಂದು ಕಚ್ಚಾ ಸೇರು, ನಲವತ್ತು ಸೇರು ಒಂದು ಮಣ. ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ತೂಗಿದ ಮಣಕ್ಕೆ ಮೂಲ ಅಳತೆ ಈ ರೂಪಾಯಿಯೇ. ಗಿಟುಕು ಒಣಗಿದೆಯೋ ಇಲ್ಲವೋ ಎಂದು ಅಲ್ಲಾಡಿಸಿ ಕಿವಿಗಿಟ್ಟು ನೋಡುವ ಹಾಗೆಯೇ, ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು ಸದ್ದು ಕೇಳಿ ತೆಗೆದುಕೊಳ್ಳುತ್ತಿದ್ದರು. ನೋಟಿನ ಮೇಲೆ ರೈತನಿಗೆ ನಂಬಿಕೆ ಇರಲಿಲ್ಲ. ಬೆಳೆ ಬಂದಾಗ ನಾಲ್ಕು ರೂಪಾಯಿ ಮಡಕೆಗೆ, ಎರಡು ರೂಪಾಯಿ ಮುಡಿಪಿಗೆ.

1940ರಲ್ಲಿ ಫ್ರಾನ್ಸ್ ಜರ್ಮನರಿಗೆ ಶರಣಾಯಿತು. ಇಂಗ್ಲಿಷರೂ ಸೋಲುತ್ತಾರೆ, ನೋಟು ಬರೀ ಕಾಗದವಾಗುತ್ತದೆ ಎಂಬ ಭಯ ದೇಶದ ತುಂಬ ಹಬ್ಬಿತು. ಜನ ನೋಟು ಕೊಟ್ಟು ಬೆಳ್ಳಿ ಕೇಳಲು ಸಾಲುಗಟ್ಟಿದರು. ಸಿಕ್ಕ ಬೆಳ್ಳಿ ಮಡಕೆ ಸೇರಿತು. ಸರ್ಕಾರ ಜುಲೈನಲ್ಲಿ ಒಂದು ರೂಪಾಯಿ ನೋಟನ್ನು ಮತ್ತೆ ಹೊರಡಿಸಿತು. ರೂಪಾಯಿ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕಿಳಿಸಿತು: ನೂರಕ್ಕೆ ಐವತ್ತು ಬೆಳ್ಳಿ, ನಲವತ್ತು ತಾಮ್ರ, ಐದು ನಿಕ್ಕಲ್, ಐದು ಸತು. ಹಳೆಯ ಒಳ್ಳೆಯ ರೂಪಾಯಿಗಳನ್ನು ಸರದಿಯಂತೆ ರದ್ದು ಮಾಡಿತು. ವಿಕ್ಟೋರಿಯಾ ರಾಣಿಯ ರೂಪಾಯಿ 1941ರ ಮಾರ್ಚ್ 31ರ ಆಚೆ ಪೇಟೆಯಲ್ಲಿ ಚಲಾವಣೆಗಿಲ್ಲ ಎಂದಾಯಿತು. ಖಜಾನೆ, ಅಂಚೆ ಕಚೇರಿ, ರೈಲ್ವೆ ನಿಲ್ದಾಣಗಳಲ್ಲಿ ಇನ್ನಷ್ಟು ಕಾಲ ತೆಗೆದುಕೊಳ್ಳುತ್ತಿದ್ದರು. ಅರಸೀಕೆರೆಯಂಥ ಜಂಕ್ಷನ್ನಿನಲ್ಲಿ ಇದರ ಅರ್ಥ ಏನು ಎಂದು ಊಹಿಸುವುದು ಕಷ್ಟವಲ್ಲ. ಟಿಕೆಟ್ ಕಿಟಕಿಯಲ್ಲಿ ಕೊಟ್ಟ ರಾಣಿ ರೂಪಾಯಿ ಮತ್ತೆ ಪೇಟೆಗೆ ಬರುತ್ತಿರಲಿಲ್ಲ. ಟಂಕಸಾಲೆಗೆ ಹೋಗುತ್ತಿತ್ತು, ಕರಗುತ್ತಿತ್ತು. ಇಂಥ ಸಾವಿರಾರು ಕಿಟಕಿಗಳಿಂದ ಬಂದ ಬೆಳ್ಳಿಯೇ ಸರ್ಕಾರದ ರಾಶಿ. ಯುದ್ಧದ ಖರ್ಚಿಗೆಂದು ಲಂಡನ್ ಕೇಳಿದಾಗ ಆ ರಾಶಿಯಿಂದ ಹಡಗು ತುಂಬಿತು.

ಅದೇ ವರ್ಷ ಬೇಲೂರಿನ ಮಲೆನಾಡ ಅಂಚಿನಲ್ಲಿ ಕಾಫಿ ಕೊಳ್ಳುವವರೇ ಇರಲಿಲ್ಲ. ಯುರೋಪಿನ ಮಾರುಕಟ್ಟೆ ಮುಚ್ಚಿ, ಕಾಫಿಗೆ ಹಡಗಿನಲ್ಲಿ ಜಾಗ ಸಿಗದೆ ಬೆಲೆ ಕುಸಿದಿತ್ತು. 1940ರಲ್ಲಿ ಕಾಫಿ ಮಂಡಳಿಯ ಮೊದಲ ರೂಪ ಹುಟ್ಟಿದ್ದೇ ಆ ಸಂಕಟದಿಂದ. ಕಾಫಿಗೆ ಇಲ್ಲದ ಜಾಗ ಬೆಳ್ಳಿಗೆ ಇತ್ತು ಎಂಬುದನ್ನು ಗಮನಿಸಬೇಕು.

ಕೆಲವು ತಿಂಗಳ ಹಿಂದೆ ಅರಸೀಕೆರೆ ಪೇಟೆಯ ಬೆಳ್ಳಿ ಅಂಗಡಿಯೊಂದರಲ್ಲಿ ಕೂತಿದ್ದೆ. ಹಳ್ಳಿಯ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಮೂರು ರೂಪಾಯಿ ಗಾಜಿನ ಮೇಲಿಟ್ಟರು. ಮೊಮ್ಮಗಳಿಗೆ ಕಾಲುಚೈನು ಆಗಬೇಕು. ಅಂಗಡಿಯವರು ಒಂದೊಂದನ್ನೇ ಎತ್ತಿ, ಮುಖ ನೋಡದೆ ಅಂಚು ನೋಡಿದರು.

‘ಅಜ್ಜಿ, ಇವೆರಡೂ ರಾಣಿ ರೂಪಾಯಿ, ಅಪ್ಪಟ. ಇದು ಕೊನೇ ರಾಜಂದು. ಅರ್ಧ ತಾಮ್ರನೇ.’

‘ಮೂರೂ ಒಂದೇ ತೂಕ ಐತಲ್ಲಪ್ಪ?’

‘ತೂಕ ಒಂದೇ ಕಣಜ್ಜಿ. ಯುದ್ಧದ ಕಾಲದ್ದು ಹಿಂಗೇ.’

ಅಜ್ಜಿ ಮೂರನ್ನೂ ಮತ್ತೆ ಗಂಟು ಹಾಕಿಕೊಂಡರು. ಒಳ್ಳೆಯದೇ ಆಯಿತು. ಅಂಗಡಿಯವರು ನೋಡಿದ್ದು ಇದನ್ನು: 1940ರಿಂದ 1945ರವರೆಗಿನ ರೂಪಾಯಿಯ ಅಂಚಿನಲ್ಲಿ ಗೀರುಗಳ ಮಧ್ಯೆ ಸುತ್ತಲೂ ಒಂದು ಸಣ್ಣ ಕಾಲುವೆ ಇರುತ್ತದೆ, ಖೋಟಾ ಮಾಡಲು ಆಗದಿರಲೆಂದು. ಹಳೆಯದರಲ್ಲಿ ಬರೀ ಗೀರು. ಹಳೆಯದರಲ್ಲಿ ಹತ್ತೂವರೆ ಗ್ರಾಮಿಗೂ ಮೇಲೆ ಶುದ್ಧ ಬೆಳ್ಳಿ, ಹೊಸದರಲ್ಲಿ ಆರು ಗ್ರಾಮಿಗೂ ಕಡಿಮೆ. ನಡುವಿನ ವ್ಯತ್ಯಾಸದ ಐದು ಗ್ರಾಮ್ ಬೆಳ್ಳಿಯೇ ದೇಶದ ಪ್ರತಿ ರೂಪಾಯಿಯಿಂದ ಯುದ್ಧ ಕಿತ್ತುಕೊಂಡ ಪಾಲು.

ಇದರ ಮುಂದಿನ ಅಧ್ಯಾಯ ಇನ್ನೂ ವಿಚಿತ್ರ. ಬೆಳ್ಳಿಯನ್ನು ಹೀಗೆ ಹೊರಗೆ ಕಳಿಸಿದ ದೇಶದಲ್ಲಿ ಎರಡು ವರ್ಷಗಳಲ್ಲೇ ಬೆಳ್ಳಿಯ ಬರ ಬಂತು. ಕೊನೆಗೆ ಅಮೆರಿಕದಿಂದ 22 ಕೋಟಿ 60 ಲಕ್ಷ ಔನ್ಸ್ ಬೆಳ್ಳಿ ಸಾಲ ತಂದರು. ಆ ಸಾಲದ ಬಹುಪಾಲನ್ನು ಬೆಳ್ಳಿಯಲ್ಲೇ ತೀರಿಸಿದ್ದು ಸ್ವತಂತ್ರ ಭಾರತ. ಅದಕ್ಕೆಂದೇ ಅರ್ಧ ಬೆಳ್ಳಿಯ ರೂಪಾಯಿಗಳನ್ನೂ ವಾಪಸು ಪಡೆದು ಕರಗಿಸಬೇಕಾಯಿತು. ಕಳಿಸಿದ್ದು ಸಮುದ್ರದ ತಳ ಸೇರಿತು. ತಂದದ್ದಕ್ಕೆ ನಾವು ಲೆಕ್ಕ ಚುಕ್ತಾ ಮಾಡಿದೆವು.

ಬೆಳ್ಳಿ ನಮ್ಮ ನೆಲದಲ್ಲಿ ಹೆಚ್ಚು ಸಿಗುವ ಲೋಹವಲ್ಲ. ಎರಡು ಸಾವಿರ ವರ್ಷದಿಂದ ಅದು ಇಲ್ಲಿಗೆ ಬಂದದ್ದು ಹಡಗಿನಲ್ಲೇ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆದಾಗ ಒಂದು ಮಡಕೆ ಸಿಕ್ಕಿತು; ಒಳಗೆ ರೋಮ್ ಚಕ್ರವರ್ತಿಗಳ 163 ಬೆಳ್ಳಿ ನಾಣ್ಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಂಥವು ಸಿಕ್ಕಿವೆ. ಕಾಳುಮೆಣಸು, ಬಟ್ಟೆ, ಮುತ್ತು ಕೊಟ್ಟು ಬೆಳ್ಳಿ ತೆಗೆದುಕೊಂಡ ಲೆಕ್ಕ ಅದು. ಆಮೇಲೆ ಅರಬರು, ಪೋರ್ಚುಗೀಸರು ತಂದರು. ಗೇರುಸೊಪ್ಪೆಯ ರಾಣಿ ಮೆಣಸು ಮಾರಿ ತೆಗೆದುಕೊಂಡದ್ದೂ ಹೀಗೆ ಬಂದ ಲೋಹವನ್ನೇ.

ಹೊಯ್ಸಳರ ನಾಡು ಈ ವ್ಯಾಪಾರದಿಂದ ದೂರ ಇತ್ತು ಎಂದುಕೊಂಡರೆ ತಪ್ಪು. ಅರಸೀಕೆರೆಯ ಶಾಸನವೊಂದು ಕಮ್ಮಟದ ಚಟ್ಟಿಸೆಟ್ಟಿ ಎಂಬ ವರ್ತಕನನ್ನು ಹೊಗಳುತ್ತದೆ: ಕುದುರೆ, ಆನೆ, ಮುತ್ತುಗಳನ್ನು ಹಡಗಿನಲ್ಲಿ ತರಿಸಿ ಅರಸರಿಗೆ ಮಾರುತ್ತಿದ್ದವನು ಅವನು. ಕಮ್ಮಟವೆಂದರೆ ಟಂಕಸಾಲೆ. ಸಮುದ್ರಕ್ಕೂ ನಾಣ್ಯಕ್ಕೂ ಅರಸೀಕೆರೆಗೂ ಎಂಟುನೂರು ವರ್ಷದ ಹಿಂದೆಯೇ ಗಂಟು ಬಿದ್ದಿತ್ತು. ಕಣ್ಣಾರೆ ನೋಡಬೇಕೆಂದರೆ ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರನ ಹೊರಗೋಡೆಯ ಸಾಲುಗಳಲ್ಲಿ ಆನೆ, ಸಿಂಹ, ಬಳ್ಳಿ ದಾಟಿ ಮೇಲೆ ಬಂದರೆ ಕುದುರೆ ಸವಾರರ ಸಾಲು ಇದೆ. ಗೈಡುಗಳು ಆನೆ ಎಣಿಸುವುದರಲ್ಲೇ ಕಾಲ ಕಳೆಯುತ್ತಾರೆ. ಕುದುರೆಯ ಮುಂದೆ ನಿಲ್ಲುವವರು ಕಡಿಮೆ. ಜೀನು, ಲಗಾಮು, ಎತ್ತಿದ ಮುಂಗಾಲು ಎಲ್ಲ ಬಿಡಿಸಿ ಕಡೆದಿದ್ದಾರೆ. ಆ ಜಾತಿಯ ಕುದುರೆ ಇಲ್ಲಿ ಹುಟ್ಟುತ್ತಿರಲಿಲ್ಲ. ಅರಬ್ ನಾಡಿನಿಂದ ಹಡಗಿನಲ್ಲಿ ಕರಾವಳಿಗೆ ಬಂದು, ಘಟ್ಟ ಹತ್ತಿ ದೋರಸಮುದ್ರಕ್ಕೆ, ಅಂದರೆ ಆಗಿನ ಹಳೇಬೀಡಿಗೆ, ಬರಬೇಕಿತ್ತು. ಮೂರನೆಯ ವೀರಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಆಳುಪರ ಮನೆಯವಳು, ಬಾರಕೂರಿನಲ್ಲಿ ಕೂತು ಆಳಿದವಳು. ಬಂದರು ಕೈಯಲ್ಲಿರಬೇಕು ಎಂಬ ಬುದ್ಧಿ ಹೊಯ್ಸಳರಿಗೆ ಚೆನ್ನಾಗಿಯೇ ಇತ್ತು.

ಅವರ ಸ್ವಂತ ನಾಣ್ಯ ಚಿನ್ನದ್ದು. ವಿಷ್ಣುವರ್ಧನ ತಲಕಾಡು ಗೆದ್ದ ಮೇಲೆ ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡದಲ್ಲೇ ಅಚ್ಚು ಹಾಕಿಸಿದ. ಶಾಸನಗಳ ತುಂಬ ಗದ್ಯಾಣ, ಪಣ, ಹಾಗ. 1311ರಲ್ಲಿ ದಿಲ್ಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ದೋರಸಮುದ್ರಕ್ಕೆ ಬಂದು ಹೊತ್ತು ಹೋದದ್ದರಲ್ಲಿ ಇವೆಷ್ಟೋ ಸೇರಿದ್ದಿರಬೇಕು.

ಆ ಲೂಟಿಯ ನೆನಪು ನಮ್ಮ ಕಡೆ ಒಂದು ಕೆಟ್ಟ ಚಟವಾಗಿ ಉಳಿದಿದೆ. ಅಳಿದುಳಿದದ್ದು ನೆಲದಡಿಯಲ್ಲಿದೆ ಎಂಬ ಆಸೆಗೆ ಎಷ್ಟು ಹಾಳು ಗುಡಿಗಳ ಗರ್ಭಗುಡಿ ಅಗೆದು ಹಾಕಿದ್ದಾರೋ! ರಾತ್ರಿ ಹೊತ್ತು ನಿಂಬೆಹಣ್ಣು, ಕುಂಕುಮ, ಹಾರೆ ಹಿಡಿದು ಬಂದವರು ಲಿಂಗ ಕಿತ್ತು, ನಂದಿ ಉರುಳಿಸಿ, ಬರಿಗೈಲಿ ಹೋಗುತ್ತಾರೆ. ಬೇಲೂರು, ಹಳೇಬೀಡು ಸೋಮನಾಥಪುರದ ಜತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಅಲ್ಲಿ ಕಾವಲಿದೆ. ಹಳ್ಳಿಗಳ ಒಂಟಿ ಗುಡಿಗಳಿಗೆ ಯಾರಿದ್ದಾರೆ? ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆ ಎಂದು ಕಾನೂನು ಹೇಳುತ್ತದೆ. ನಿಧಿ ಹುಡುಕುವ ಕೆಲಸ ಸಾಗರದಲ್ಲಾದರೂ ನೆಲದಲ್ಲಾದರೂ ಹಳೆಯ ಕಡತ ಓದುವುದರಿಂದ ಶುರುವಾಗಬೇಕು, ನಿಂಬೆಹಣ್ಣಿನಿಂದಲ್ಲ. ಗೇರ್‌ಸೊಪ್ಪ ಸಿಕ್ಕಿದ್ದು ಜಲಾಂತರ್ಗಾಮಿಯ ದಾಖಲೆ, ಬದುಕಿ ಬಂದವನ ಹೇಳಿಕೆ, ವಿಮೆಯ ಲೆಕ್ಕ ಇವನ್ನು ಒಟ್ಟಿಗಿಟ್ಟು ಓದಿದ್ದರಿಂದ.

ಇನ್ನು, ಮೇಲೆ ಬಂದ ಬೆಳ್ಳಿ ಯಾರದು? ಕಾನೂನಿನ ಉತ್ತರ ಸರಳ. ವಿಮೆ ಕೊಟ್ಟವನದು, ಇಲ್ಲವೇ ದುಡ್ಡು ಕೊಟ್ಟು ಕೊಂಡವನದು. ಗೇರ್‌ಸೊಪ್ಪದ ಒಡೆಯರಾದ ಬ್ರಿಟಿಷ್ ಇಂಡಿಯಾ ಕಂಪನಿಯದೇ ಟಿಲಾವಾ ಎಂಬ ಹಡಗು 1942ರ ನವೆಂಬರ್ 23ರಂದು ಬೊಂಬಾಯಿಯಿಂದ ಆಫ್ರಿಕಾಕ್ಕೆ ಹೋಗುವಾಗ ಜಪಾನಿನ ಜಲಾಂತರ್ಗಾಮಿಗೆ ಸಿಕ್ಕಿ ಮುಳುಗಿತು. 280 ಜನ ಸತ್ತರು. ಅದರಲ್ಲಿದ್ದ 2,364 ಬೆಳ್ಳಿ ಗಟ್ಟಿಗಳನ್ನು 2017ರಲ್ಲಿ ಎತ್ತಿದರು. ಅದು ದಕ್ಷಿಣ ಆಫ್ರಿಕಾ ಆಗಲೇ ಕೊಂಡ ಬೆಳ್ಳಿ. ಎತ್ತಿದವರಿಗೂ ಆ ದೇಶಕ್ಕೂ ವ್ಯಾಜ್ಯ ಬಿದ್ದು, 2024ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ದಕ್ಷಿಣ ಆಫ್ರಿಕಾದ ಪರ ತೀರ್ಪು ಕೊಟ್ಟಿತು.

ಹಕ್ಕುಪತ್ರದ ಮಟ್ಟಿಗೆ ಇದೆಲ್ಲ ಸರಿಯೇ. ಬೆಳ್ಳಿಯನ್ನು ವಾಪಸು ಕೊಡಿ ಎಂದು ಕೂಗುವುದು ನನಗೆ ಹುಡುಗಾಟವಾಗಿ ಕಾಣುತ್ತದೆ. ಆದರೆ ಲೆಕ್ಕದ ಒಂದು ಬದಿಯನ್ನು ಬ್ರಿಟನ್ ಬರೆದಿಟ್ಟುಕೊಂಡಿದೆ, ಪತ್ರ ಪ್ರದರ್ಶನಕ್ಕಿಟ್ಟಿದೆ, ನಾಣ್ಯ ಮಾಡಿ ಮಾರಿದೆ. ನಮ್ಮ ಬದಿ ಹೆಚ್ಚುಕಡಿಮೆ ಖಾಲಿ. ಯುದ್ಧದಲ್ಲಿ ಸತ್ತ ಆರು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರ, ಖಲಾಸಿಗಳ ಹೆಸರುಗಳು ಮುಂಬೈಯ ನಾವಿಕರ ಭವನದ ಪುಸ್ತಕದಲ್ಲಿವೆ, ಅಷ್ಟೇ. ಗೇರುಸೊಪ್ಪೆ ನೋಡಲು ಬರುವವರಿಗೆ ಆ ಹೆಸರಿನ ಹಡಗಿನ ಸುದ್ದಿ ಹೇಳುವ ಒಂದು ಫಲಕ ಬೇಡವೇ? ಚಿಲ್ಲರೆ ಖರ್ಚಿಗೆ ಸಿಗುವ ಆ ಕಾಲು ಔನ್ಸ್ ನಾಣ್ಯ ಒಂದನ್ನು ಕೊಂಡು ತಂದು, 1939ರ ಹಿಂದಿನ ಒಂದು ರೂಪಾಯಿ, 1940ರ ಮುಂದಿನ ಒಂದು ರೂಪಾಯಿಯ ಪಕ್ಕ ರಾಜ್ಯದ ಒಂದು ವಸ್ತುಸಂಗ್ರಹಾಲಯದಲ್ಲಿ ಇಟ್ಟರೆ ಶಾಲೆ ಮಕ್ಕಳಿಗೆ ಯುದ್ಧದ ಅರ್ಥಶಾಸ್ತ್ರ ಮೂರು ಬಿಲ್ಲೆಗಳಲ್ಲಿ ತಿಳಿಯುತ್ತದೆ. ಪುರಾತತ್ವ ಇಲಾಖೆ ಮನಸ್ಸು ಮಾಡಬೇಕು, ಅಷ್ಟೇ.

ಓದುಗರಲ್ಲಿ ಒಂದು ವಿನಂತಿ. ಮನೆಯ ದೇವರ ಪೆಟ್ಟಿಗೆಯಲ್ಲಿ ಬೆಳ್ಳಿ ರೂಪಾಯಿ ಇದ್ದರೆ ಈ ವಾರ ತೆಗೆದು ಇಸವಿ ನೋಡಿ, ಅಂಚು ನೋಡಿ, ಯಾರ ಕಾಲದಲ್ಲಿ ಮನೆಗೆ ಬಂತೆಂದು ಹಿರಿಯರನ್ನು ಕೇಳಿ ಚೀಟಿಯಲ್ಲಿ ಬರೆದಿಡಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಮುಖ ಸವೆದರೆ ಇಸವಿ ಹೋಗುತ್ತದೆ. 1939 ಎಂದು ಕಂಡರಂತೂ ಯಾರಿಗೂ ತೂಕದ ಬೆಲೆಗೆ ಕೊಡಬೇಡಿ, ಅದು ಸಂಗ್ರಹಕಾರರು ಹುಡುಕುವ ಅಪರೂಪದ ನಾಣ್ಯ. 1940ರ ಮೇಲಿನದಾದರೆ ಕರಗಿಸಿದರೂ ಸಿಗುವುದು ಅರ್ಧ ತೊಲ ಬೆಳ್ಳಿ. ಕಾಲುಚೈನಿಗೆ ಸಾಲದು, ಇಟ್ಟುಕೊಳ್ಳುವುದೇ ಲಾಭ.